ಟೇಸ್ಟಿಂಗ್ ಪೌಡರ್ ನಿಜಕ್ಕೂ ವಿಷವೇ? ಒಂದು ಪತ್ರದಿಂದ ಹುಟ್ಟಿದ ಭಯದ ಕತೆ

ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತವರಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಅದಕ್ಕೆ ಟೇಸ್ಟಿಂಗ್ ಪೌಡರ್ ಹಾಕ್ತಾರೆ, ತಿನ್ಬೇಡಿ, ತಲೆನೋವು ಬರುತ್ತೆ." ನರ ದುರ್ಬಲವಾಗುತ್ತದೆ, ನೆನಪಿನ ಶಕ್ತಿ ಹೋಗುತ್ತದೆ, ಮಕ್ಕಳ ಮೆದುಳಿಗೆ ಪೆಟ್ಟು ಎಂಬ ಮಾತುಗಳೂ ಅದರ ಹಿಂದೆಯೇ ಬರುತ್ತವೆ. ವಾಟ್ಸ್ಆ್ಯಪ್‌ನಲ್ಲಂತೂ ಈ ಬಿಳಿಯ ಹರಳು ವಿಷಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುತ್ತದೆ.

ಈ ಭಯಕ್ಕೆ ಆಧಾರವೇನು? ಅದು ಎಲ್ಲಿ ಹುಟ್ಟಿತು? ಬೇರೆ ಯಾವ ಅಡುಗೆಗೂ ಅಂಟದ ಈ ಅಪವಾದ ಚೀನೀ ಅಡುಗೆಗೇ ಏಕೆ ಅಂಟಿಕೊಂಡಿತು? ಒಂದೊಂದಾಗಿ ನೋಡೋಣ.

ಏನಿದು ಟೇಸ್ಟಿಂಗ್ ಪೌಡರ್?

ಇದರ ರಾಸಾಯನಿಕ ಹೆಸರು ಮೊನೊಸೋಡಿಯಂ ಗ್ಲುಟಮೇಟ್. ಚಿಕ್ಕದಾಗಿ ಎಂಎಸ್‌ಜಿ. ನಮ್ಮ ಅಂಗಡಿಗಳಲ್ಲಿ ಅಜಿನೊಮೊಟೊ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಅಜಿನೊಮೊಟೊ ಎನ್ನುವುದು ವಸ್ತುವಿನ ಹೆಸರಲ್ಲ, ಅದನ್ನು ತಯಾರಿಸುವ ಜಪಾನೀ ಕಂಪನಿಯ ಹೆಸರು.

ಜಪಾನಿನ ಮನೆಗಳಲ್ಲಿ ಕೊಂಬು ಎಂಬ ಕಡಲಕಳೆಯನ್ನು ನೀರಲ್ಲಿ ಹಾಕಿ ಸಾರಿನ ಕಟ್ಟು ತೆಗೆಯುವ ರೂಢಿ ಇದೆ. ಆ ಕಟ್ಟಿಗೆ ಸಿಹಿ, ಹುಳಿ, ಉಪ್ಪು, ಕಹಿ ಯಾವುದಕ್ಕೂ ಸೇರದ ಒಂದು ತುಂಬು ರುಚಿ ಇರುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡ ಹುಡುಕಿದರು. 1908ರಲ್ಲಿ ಸಿಕ್ಕ ಉತ್ತರ: ಗ್ಲುಟಮೇಟ್. ಆ ರುಚಿಗೆ ಅವರು 'ಉಮಾಮಿ' ಎಂದು ಹೆಸರಿಟ್ಟರು. ಗ್ಲುಟಮೇಟಿಗೆ ಸೋಡಿಯಂ ಸೇರಿಸಿದರೆ ನೀರಿನಲ್ಲಿ ಸುಲಭವಾಗಿ ಕರಗುವ ಹರಳು ಸಿಗುತ್ತದೆ. 1909ರಿಂದ ಅದು ಮಾರುಕಟ್ಟೆಗೆ ಬಂತು.

ಗ್ಲುಟಮೇಟ್ ಹೊರಗಿನಿಂದ ಬಂದ ವಿಚಿತ್ರ ವಸ್ತುವೇನಲ್ಲ. ಪ್ರೋಟೀನುಗಳನ್ನು ಕಟ್ಟುವ ಅಮೈನೊ ಆಮ್ಲಗಳಲ್ಲಿ ಇದೂ ಒಂದು. ಬೇಳೆ, ಹಾಲು, ಮೊಟ್ಟೆ, ಮಾಂಸ, ಗೋಧಿ ಎಲ್ಲದರಲ್ಲೂ ಇದೆ. ಹಣ್ಣಾದ ಟೊಮೇಟೊ, ಅಣಬೆ, ಹಳೆಯ ಚೀಸ್‌ಗಳಲ್ಲಿ ಇದು ಪ್ರೋಟೀನಿನ ಕಟ್ಟಿನಿಂದ ಬಿಡಿಸಿಕೊಂಡು ಬಿಡಿಯಾಗಿಯೇ ಇರುತ್ತದೆ. ಆದ್ದರಿಂದಲೇ ಅವು ಸಾರು ಗೊಜ್ಜುಗಳ ರುಚಿ ಹೆಚ್ಚಿಸುತ್ತವೆ. ತಾಯಿಯ ಎದೆಹಾಲಿನಲ್ಲಿ ಬಿಡಿಯಾಗಿರುವ ಅಮೈನೊ ಆಮ್ಲಗಳ ಪೈಕಿ ಅತಿ ಹೆಚ್ಚಿರುವುದೂ ಗ್ಲುಟಮೇಟೇ. ಮನುಷ್ಯ ಹುಟ್ಟಿದಾಗಿನಿಂದ ಸವಿಯುವ ರುಚಿ ಇದು.

ಟೊಮೇಟೊದಿಂದ ಬಂದ ಗ್ಲುಟಮೇಟಿಗೂ ಪೊಟ್ಟಣದಿಂದ ಬಂದ ಗ್ಲುಟಮೇಟಿಗೂ ನಮ್ಮ ದೇಹ ವ್ಯತ್ಯಾಸ ಮಾಡುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಂದಾಜಿನಂತೆ ಅಲ್ಲಿನ ಒಬ್ಬ ವಯಸ್ಕರಿಗೆ ಆಹಾರದ ಪ್ರೋಟೀನಿನಿಂದಲೇ ದಿನಕ್ಕೆ ಸುಮಾರು 13 ಗ್ರಾಂ ಗ್ಲುಟಮೇಟ್ ಸಿಗುತ್ತದೆ. ಸೇರಿಸಿದ ಎಂಎಸ್‌ಜಿಯಿಂದ ಸಿಗುವುದು ಸುಮಾರು ಅರ್ಧ ಗ್ರಾಂ.

ಒಂದು ಪತ್ರ, ಒಂದು ತಲೆಬರಹ

1968ರ ಏಪ್ರಿಲ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಓದುಗರ ಪತ್ರ ಪ್ರಕಟವಾಯಿತು. ಬರೆದವರು ಚೀನೀ ಮೂಲದ ವೈದ್ಯ ರಾಬರ್ಟ್ ಹೋ ಮನ್ ಕ್ವಾಕ್. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಉಂಡಾಗ ತನಗೆ ಕತ್ತಿನ ಹಿಂಭಾಗ ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ, ಎದೆ ಡವಗುಟ್ಟುತ್ತದೆ, ಎರಡು ತಾಸಿನಲ್ಲಿ ಸರಿಹೋಗುತ್ತದೆ ಎಂದು ಅವರು ಬರೆದಿದ್ದರು. ಕಾರಣ ಸೋಯಾ ಸಾಸ್ ಇರಬಹುದೇ, ಅಡುಗೆಗೆ ಹಾಕುವ ವೈನ್ ಇರಬಹುದೇ, ಎಂಎಸ್‌ಜಿಯೇ, ಇಲ್ಲ ಹೆಚ್ಚಿನ ಉಪ್ಪೇ? ಅವರು ಕೇಳಿದ್ದು ಪ್ರಶ್ನೆ, ಕೊಟ್ಟದ್ದು ತೀರ್ಪಲ್ಲ. ಯಾರಾದರೂ ಸಂಶೋಧನೆ ಮಾಡಲಿ ಎಂಬುದು ಅವರ ಕೋರಿಕೆ.

ಪತ್ರಿಕೆ ಆ ಪತ್ರಕ್ಕೆ ಕೊಟ್ಟ ತಲೆಬರಹ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್'. ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಮೂರು ಮರೆತುಹೋದವು. ಉಳಿದದ್ದು ಎಂಎಸ್‌ಜಿ ಮತ್ತು ಚೀನೀ ಹೋಟೆಲ್.

ಮರುವರ್ಷವೇ, 1969ರಲ್ಲಿ, ಜಾನ್ ಓಲ್ನಿ ಎಂಬ ಸಂಶೋಧಕ ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಎಂಎಸ್‌ಜಿಯನ್ನು ಭಾರಿ ಪ್ರಮಾಣದಲ್ಲಿ ಚುಚ್ಚಿದಾಗ ಮೆದುಳಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಅದೇ ವರ್ಷ ಅಮೆರಿಕದ ದೊಡ್ಡ ಶಿಶು ಆಹಾರ ಕಂಪನಿಗಳು ಎಂಎಸ್‌ಜಿ ಹಾಕುವುದನ್ನು ಬಿಟ್ಟವು. "ಮೆದುಳಿಗೆ ಪೆಟ್ಟು" ಎಂಬ ಮಾತಿನ ಮೂಲ ಇದು. ಆದರೆ ಚರ್ಮದಡಿಗೆ ಚುಚ್ಚುವುದು ಬೇರೆ, ತಿನ್ನುವುದು ಬೇರೆ. ತಿಂದ ಗ್ಲುಟಮೇಟಿನ ಬಹುಪಾಲನ್ನು ಕರುಳಿನ ಜೀವಕೋಶಗಳೇ ಇಂಧನವಾಗಿ ಬಳಸಿಕೊಳ್ಳುತ್ತವೆ. ರಕ್ತಕ್ಕೆ ಸೇರಿದ ಚೂರುಪಾರು ಸುಲಭವಾಗಿ ಮೆದುಳಿಗೆ ನುಗ್ಗದಂತೆ ತಡೆಗೋಡೆಯೂ ಇದೆ.

ಪ್ರಯೋಗಗಳು ಏನು ಹೇಳಿದವು?

ತಿಂದವರನ್ನು "ಏನಾಯ್ತು?" ಎಂದು ಕೇಳಿದರೆ ಸಾಲದು. ಏನು ತಿಂದೆವೆಂದು ಗೊತ್ತಿದ್ದರೆ ಅದೇ ತಿಳಿವಳಿಕೆ ಮೈಮೇಲೆ ಪರಿಣಾಮ ಮಾಡುತ್ತದೆ. ಆದ್ದರಿಂದ ಡಬಲ್ ಬ್ಲೈಂಡ್ ಪರೀಕ್ಷೆ ಬೇಕು. ಕೆಲವರಿಗೆ ನಿಜವಾದ ವಸ್ತು, ಕೆಲವರಿಗೆ ಹುಸಿ. ಯಾರಿಗೆ ಯಾವುದು ಎಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ.

2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ತಮಗೆ ಎಂಎಸ್‌ಜಿ ಆಗುವುದಿಲ್ಲ ಎಂದುಕೊಂಡಿದ್ದ 130 ಜನರನ್ನು ಹೀಗೆ ಪರೀಕ್ಷಿಸಿದರು. ಊಟವಿಲ್ಲದೆ ಒಂದೇ ಸಲಕ್ಕೆ 5 ಗ್ರಾಂ ಕೊಟ್ಟರು. ಒಂದು ತಟ್ಟೆ ಊಟಕ್ಕೆ ಸಾಮಾನ್ಯವಾಗಿ ಸೇರಿಸುವುದು ಅರ್ಧ ಗ್ರಾಂಗಿಂತ ಕಡಿಮೆ ಎಂಬುದು ನೆನಪಿರಲಿ. 50 ಜನರಿಗೆ ಎಂಎಸ್‌ಜಿ ಕೊಟ್ಟಾಗ ಮಾತ್ರ ಲಕ್ಷಣಗಳು ಬಂದವು. ಆದರೆ 36 ಜನರಿಗೆ ಎಂಎಸ್‌ಜಿಯೇ ಇಲ್ಲದ ಹುಸಿ ಪಾನೀಯ ಕುಡಿದಾಗಲೂ ಲಕ್ಷಣಗಳು ಬಂದವು! ಮತ್ತೆ ಮತ್ತೆ ಪರೀಕ್ಷಿಸಿದಾಗ ಪ್ರತಿಸಲವೂ ಒಂದೇ ರೀತಿ ಪ್ರತಿಕ್ರಿಯಿಸಿದವರು ಬೆರಳೆಣಿಕೆಯಷ್ಟು. ಬಂದ ಲಕ್ಷಣಗಳೂ ಗಂಭೀರವಲ್ಲ, ತಾವಾಗಿಯೇ ಹೋಗುವಂಥವು.

ಇದಕ್ಕೂ ಮೊದಲೇ, 1987ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಎಂಎಸ್‌ಜಿಗೆ ದಿನದ ಮಿತಿ ನಿಗದಿ ಮಾಡುವ ಅಗತ್ಯವೇ ಇಲ್ಲ ಎಂದಿತ್ತು. ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರ ಇನ್ನೂ ಎಚ್ಚರಿಕೆಯ ನಿಲುವು ತೆಗೆದುಕೊಂಡು, 2017ರಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಮಿಲಿಗ್ರಾಂ ಎಂಬ ಮಿತಿ ಹಾಕಿತು. 60 ಕಿಲೋ ತೂಗುವವರಿಗೆ ಅದು 1.8 ಗ್ರಾಂ ಆಗುತ್ತದೆ. ಅಂದರೆ ಚಿಟಿಕೆಗೆ ಹೆದರಬೇಕಿಲ್ಲ, ಚಮಚಗಟ್ಟಲೆ ಸುರಿಯಬೇಕಾಗಿಯೂ ಇಲ್ಲ.

ಹಾಗಾದರೆ ತಲೆನೋವು ಸುಳ್ಳೇ?

ಅಲ್ಲ. ನೋವು ನಿಜ, ಕಾರಣ ಬೇರೆ ಇರಬಹುದು. ಕರಿದ ಎಣ್ಣೆ, ಉಪ್ಪು ತುಂಬಿದ ಸಾಸ್, ಜೊತೆಗೆ ಕುಡಿದ ಬಿಯರ್, ರಾತ್ರಿ ಹೊತ್ತುಮೀರಿ ಉಂಡ ಊಟ, ಇವೆಲ್ಲಕ್ಕೂ ತಲೆ ಹಿಡಿಸುವ ಶಕ್ತಿ ಇದೆ. ಇನ್ನೊಂದು ಕಾರಣವೂ ಇದೆ. ಕೆಟ್ಟದ್ದಾಗುತ್ತದೆ ಎಂದು ನಂಬಿ ತಿಂದರೆ ಕೆಟ್ಟದ್ದಾದಂತೆ ಮೈಗೆ ಅನಿಸುತ್ತದೆ. ಇದನ್ನು ನೊಸಿಬೊ ಪರಿಣಾಮ ಎನ್ನುತ್ತಾರೆ. ಇದು ನಾಟಕವಲ್ಲ, ಎದೆ ಬಡಿತ ನಿಜಕ್ಕೂ ಏರುತ್ತದೆ. ಹುಸಿ ಪಾನೀಯ ಕುಡಿದು ಸಂಕಟಪಟ್ಟ ಆ 36 ಜನರೂ ಸುಳ್ಳು ಹೇಳಿರಲಿಲ್ಲ.

ಚೀನೀ ಹೋಟೆಲಿನ ಕಡೆಗೇ ಬೊಟ್ಟು ಏಕೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. 1968ರ ಹೊತ್ತಿಗೆ ಅಮೆರಿಕದ ಮನೆಮನೆಯಲ್ಲೂ ಎಂಎಸ್‌ಜಿ ಇತ್ತು. ಡಬ್ಬಿಯ ಸೂಪುಗಳಲ್ಲಿ, ಕುರುಕಲು ತಿಂಡಿಗಳಲ್ಲಿ, ಸಿದ್ಧ ಊಟಗಳಲ್ಲಿ ಅದನ್ನು ಹಾಕುತ್ತಿದ್ದರು. 'ಆ್ಯಕ್ಸೆಂಟ್' ಎಂಬ ಹೆಸರಿನಲ್ಲಿ ಅಡುಗೆಮನೆಗಳಿಗೆಂದೇ ಅಲ್ಲಿ ಮಾರುತ್ತಿದ್ದರು. ಆದರೆ 'ಡಬ್ಬಿ ಸೂಪಿನ ರೋಗ' ಎಂದು ಯಾರೂ ಹೆಸರಿಡಲಿಲ್ಲ. ಚಿಪ್ಸ್ ತಿಂದು ಕತ್ತು ಜೋಮು ಹಿಡಿಯಿತು ಎಂದು ಯಾರೂ ಪತ್ರ ಬರೆಯಲಿಲ್ಲ.

ಚೀನೀಯರ ಅಡುಗೆಯ ಮೇಲಿನ ಅನುಮಾನ ಎಂಎಸ್‌ಜಿಗಿಂತ ಹಳೆಯದು. 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರ ವಲಸೆಯನ್ನೇ ನಿಷೇಧಿಸುವ ಕಾನೂನು ತಂದಿತು. ಅದು ರದ್ದಾದದ್ದು 1943ರಲ್ಲಿ. ಇದರ ನಡುವೆ, 20ನೇ ಶತಮಾನದ ಆರಂಭದಲ್ಲಿ, ಅಲ್ಲಿನ ದೊಡ್ಡ ಕಾರ್ಮಿಕ ಒಕ್ಕೂಟವೊಂದು ಹೊರತಂದ ಕಿರುಹೊತ್ತಿಗೆಯ ಶೀರ್ಷಿಕೆಯೇ 'ಮಾಂಸವೋ ಅನ್ನವೋ' ಎಂಬ ಅರ್ಥದ್ದು. ಮಾಂಸ ಉಣ್ಣುವವರು ಗಂಡಸರು, ಅನ್ನ ಉಣ್ಣುವವರು ಅಗ್ಗದ ಕೂಲಿಗಳು ಎಂಬ ಧೋರಣೆ ಅದರದ್ದು. ತಟ್ಟೆಯನ್ನು ನೋಡಿ ಮನುಷ್ಯರ ಬೆಲೆ ಕಟ್ಟುವ ಈ ಅಭ್ಯಾಸ ಮೊದಲೇ ಇದ್ದುದರಿಂದ, ಒಂದು ಪತ್ರದ ತಲೆಬರಹ ಇಷ್ಟು ಸುಲಭವಾಗಿ ಬೇರೂರಿತು. ಇತಿಹಾಸಕಾರ ಇಯಾನ್ ಮಾಸ್ಬಿ 2009ರ ತಮ್ಮ ಲೇಖನದಲ್ಲಿ ಈ ನಂಟನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ.

ಪೆಟ್ಟು ಬಿದ್ದದ್ದು ಹೋಟೆಲು ನಡೆಸುತ್ತಿದ್ದ ಕುಟುಂಬಗಳಿಗೆ. 'ನೋ ಎಂಎಸ್‌ಜಿ' ಎಂದು ಬಾಗಿಲಲ್ಲಿ ಬೋರ್ಡು ಹಾಕಿ ತಾವು ವಿಷ ಹಾಕುವವರಲ್ಲ ಎಂದು ಅವರು ದಿನವೂ ಸಾಬೀತು ಮಾಡಬೇಕಾಯಿತು. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಎಂಬ ಪದದ ವಿವರಣೆಯನ್ನು ಪರಿಶೀಲಿಸಲು ಮುಂದಾದದ್ದು 2020ರಲ್ಲಿ. ಅದಕ್ಕೆ ಒತ್ತಾಯ ತಂದದ್ದು ಅಜಿನೊಮೊಟೊ ಕಂಪನಿ. ಅದರ ವ್ಯಾಪಾರದ ಹಿತ ಇದರಲ್ಲಿದೆ, ನಿಜ. ಆದರೆ ಮೇಲಿನ ತಜ್ಞ ಸಮಿತಿಗಳ ತೀರ್ಮಾನ ಕಂಪನಿಯ ಜಾಹೀರಾತಲ್ಲ.

ನಮ್ಮ ಮೂಗು ಎಷ್ಟು ನಿಷ್ಪಕ್ಷಪಾತಿ?

ಇದು ಅಮೆರಿಕದ ಕತೆ ಎಂದು ನಾವು ನಿರಾಳವಾಗುವಂತಿಲ್ಲ. ದೆಹಲಿ ಪೊಲೀಸರು 2007ರಲ್ಲಿ ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳಿಗೆಂದು ಒಂದು ಕೈಪಿಡಿ ಹೊರತಂದರು. ಕಳಲೆ, ಅಖುನಿಯಂಥ 'ವಾಸನೆ ಬರುವ' ಅಡುಗೆಯಿಂದ ನೆರೆಹೊರೆಯವರಿಗೆ ತೊಂದರೆ ಮಾಡಬೇಡಿ ಎಂಬ ಬುದ್ಧಿವಾದ ಅದರಲ್ಲಿತ್ತು. ಅಖುನಿ ಎಂದರೆ ನಾಗಾ ಜನರು ಹುದುಗು ಬರಿಸುವ ಸೋಯಾಕಾಳು. ಹುದುಗುವಾಗ ಪ್ರೋಟೀನು ಒಡೆದು ಬಿಡಿ ಗ್ಲುಟಮೇಟ್ ಹೊರಬರುತ್ತದೆ. ಇಕೆಡ ಕಂಡ ಉಮಾಮಿಯೇ ಅಲ್ಲೂ ಇದೆ. ಈ ಅಡುಗೆ ಮಾಡಲು ಹೊರಟ ಗೆಳೆಯರ ಪಾಡನ್ನೇ 'ಆ್ಯಕ್ಸೋನ್' ಎಂಬ 2019ರ ಸಿನಿಮಾ ಹೇಳುತ್ತದೆ.

ಕಳಲೆಯೋ, ನಮ್ಮದೇ ತಿನಿಸು. ಮಲೆನಾಡಿನಲ್ಲಿ ಕಳಲೆ ಪಲ್ಯ, ತುಳುನಾಡಿನಲ್ಲಿ ಕಣಿಲೆ, ಕೊಡಗಿನಲ್ಲಿ ಬೈಂಬಳೆ ಕರಿ. ಮಳೆಗಾಲ ಬಂತೆಂದರೆ ಜನ ಇದಕ್ಕಾಗಿ ಕಾಯುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಹೊರಬಿಡಬಲ್ಲ ವಸ್ತು ಇರುವುದರಿಂದ, ಹೆಚ್ಚಿ ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ಬೇಯಿಸಿಯೇ ತಿನ್ನಬೇಕೆಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ಈಶಾನ್ಯದ ಅಜ್ಜಿಯರಿಗೂ ಗೊತ್ತಿತ್ತು. ಅಷ್ಟಾದರೂ ನಮ್ಮ ಮನೆಯಲ್ಲಿ ಬೆಂದರೆ 'ಘಮ', ಪಕ್ಕದ ಬಾಡಿಗೆ ಮನೆಯಲ್ಲಿ ಬೆಂದರೆ 'ನಾತ'.

ಈ ವ್ಯತ್ಯಾಸವನ್ನೂ ವಿಜ್ಞಾನಿಗಳು ಅಳೆದಿದ್ದಾರೆ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ವಾಸನೆಯನ್ನು ಜನರಿಗೆ ಮೂಸಲು ಕೊಟ್ಟರು. ಒಮ್ಮೆ 'ಚೆಡ್ಡರ್ ಚೀಸ್' ಎಂದು ಬರೆದು ತೋರಿಸಿದರು, ಇನ್ನೊಮ್ಮೆ 'ಮೈನಾತ' ಎಂದು ಬರೆದು ತೋರಿಸಿದರು. ಚೀಸ್ ಎಂದಾಗ ಅದೇ ವಾಸನೆ ಹೆಚ್ಚು ಹಿತವೆನಿಸಿತು. ಮೆದುಳಿನ ಸ್ಕ್ಯಾನ್‌ನಲ್ಲೂ ವ್ಯತ್ಯಾಸ ಕಂಡಿತು. ಅಂದರೆ ಹೆಸರು ಮೂಗಿನ ಅನುಭವವನ್ನೇ ಬದಲಿಸುತ್ತದೆ. ನಮ್ಮ ಸಾರಿನ ಒಗ್ಗರಣೆಯ ಇಂಗಿಗೆ ಯುರೋಪಿನವರು 'ಸೈತಾನನ ಹೇಲು' ಎಂಬ ಅರ್ಥದ ಹೆಸರಿಟ್ಟದ್ದನ್ನು ನೆನೆದರೆ, ಬೇರೆಯವರ ಅಡುಗೆಗೆ ನಾವಿಡುವ ಹೆಸರುಗಳ ಬಗ್ಗೆಯೂ ಯೋಚನೆ ಬರುತ್ತದೆ.

ತಪ್ಪು ಕಡೆ ನೋಡಿದರೆ ಆಗುವ ನಷ್ಟ

ಸುಳ್ಳು ಭಯದಿಂದ ಇನ್ನೊಂದು ಹಾನಿಯೂ ಇದೆ. ನಿಜವಾದ ಅಪಾಯ ಕಣ್ಣೆದುರಿದ್ದರೂ ಕಾಣುವುದಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಸಂಗ್ರಹಿಸಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಅಷ್ಟು ವರ್ಷ ನಾವೆಲ್ಲ ಬಿಳಿಯ ಹರಳನ್ನು ಬೈಯುತ್ತ ಕೆಂಪು ಬಣ್ಣವನ್ನು ಬಾಯಿ ಚಪ್ಪರಿಸಿ ತಿಂದೆವು.

ಹಾಗಾದರೆ ಏನು ಮಾಡಬೇಕು?

• ಗೋಬಿ ಮಂಚೂರಿ, ನೂಡಲ್ಸ್ ತಿನ್ನುವಾಗ ಮೊದಲು ಬಣ್ಣ, ಎಣ್ಣೆ, ಉಪ್ಪು ನೋಡಿ. ಕಣ್ಣು ಕುಕ್ಕುವ ಕೆಂಪು ಇದ್ದರೆ ಬೇಡ ಎನ್ನಿ.

• ಎಂಎಸ್‌ಜಿಯಲ್ಲೂ ಸೋಡಿಯಂ ಇದೆ, ಅಡುಗೆ ಉಪ್ಪಿನ ಸುಮಾರು ಮೂರನೇ ಒಂದು ಭಾಗದಷ್ಟು. ರಕ್ತದೊತ್ತಡ ಇರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

• ಪ್ರತಿಸಲವೂ ತೊಂದರೆ ಆಗುತ್ತಿದ್ದರೆ ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಸೋಯಾ, ಕಡಲೆಕಾಯಿ, ಸೀಗಡಿಯ ಅಲರ್ಜಿ ಇರಬಹುದು. ಅದು ಪ್ರಾಣಕ್ಕೇ ಅಪಾಯ ತರಬಲ್ಲದು. ಎಂಎಸ್‌ಜಿ ಎಂದು ಸುಮ್ಮನಾದರೆ ಅದು ಪತ್ತೆಯಾಗದೆ ಉಳಿಯುತ್ತದೆ.

• ಒಂದು ವರ್ಷ ತುಂಬದ ಕೂಸಿಗೆ ಎಂಎಸ್‌ಜಿ ಹಾಕಿದ ಆಹಾರ ಬೇಡ. ಉಪ್ಪು, ಸಕ್ಕರೆಗಳ ವಿಷಯದಲ್ಲೂ ಇದೇ ಮಾತು.

• ಯಾವುದಾದರೂ ಜನರ ಅಡುಗೆ 'ಆರೋಗ್ಯಕ್ಕೆ ಕೆಟ್ಟದ್ದು' ಎಂದು ಕೇಳಿದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದೇ ವಸ್ತು ನಮ್ಮ ಅಡುಗೆಯಲ್ಲೂ ಇದೆಯೇ? ಇದ್ದರೆ ಅದಕ್ಕೆ ನಾವು ಏನೆನ್ನುತ್ತೇವೆ?

ಇಷ್ಟವಾಗದ್ದನ್ನು ತಿನ್ನದಿರಲು ಕಾರಣ ಕೊಡಬೇಕಿಲ್ಲ. "ನನಗೆ ಸೇರುವುದಿಲ್ಲ" ಎಂದರೆ ಮುಗಿಯಿತು. "ಅದು ವಿಷ" ಎನ್ನುವುದಾದರೆ ಮಾತ್ರ ಸಾಕ್ಷಿ ಬೇಕು.