ಮಾತು ತಡವರಿಸಿದರೂ ಹರಟೆ ನಿಲ್ಲದಿರಲಿ

‘ನೀರು’ ಕೇಳಲು ಹೋಗಿ ಮಾವನವರು ‘ಚಪ್ಪಲಿ’ ಅಂತಾರೆಯೇ? ಅರಳುಮರಳು ಅಂದ್ಕೋಬೇಡಿ. ಲಕ್ವ ಹೊಡೆದು ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಸಾಮಾನ್ಯವಾಗಿ ಬರುವ ಈ ತೊಂದರೆಯೇ ಅಫೇಸಿಯಾ. ಪದ ಸಿಗದು ಅಷ್ಟೇ, ಬುದ್ಧಿ ಹೋಗಿರುವುದಿಲ್ಲ. ನೆಂಟರು ಬಂದಾಗ ಒಳಕೋಣೆಗೆ ಕಳಿಸಿದರೆ ಕೊರಗಿಯೇ ಕುಗ್ಗುತ್ತಾರೆ.

ಟೊರಾಂಟೊದ ಪ್ಯಾಟ್ ಅರಾಟೊ, ಗಂಡನಿಗೆ ಹೀಗಾದಾಗ ಕೈಕಟ್ಟಿ ಕೂರದೆ 1979ರಲ್ಲಿ ಇಂಥವರಿಗಾಗಿಯೇ ಕೇಂದ್ರ ತೆರೆದರು. ಅಲ್ಲಿ ತರಬೇತಿ ಪಡೆದ ಸ್ವಯಂಸೇವಕರ ಜೊತೆ ಗುಂಪಾಗಿ ಕೂತು ಹರಟುತ್ತಾರೆ. ಚಿತ್ರ, ಸನ್ನೆ, ಬರೆದ ಪದ ಎಲ್ಲವೂ ಮಾತೇ!

ಮೊದಲು ವಾಕ್ ಚಿಕಿತ್ಸಕರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆಯಿದೆ. ಮನೆಯಲ್ಲಿ ಟೀವಿ ಆರಿಸಿ, ಒಂದೊಂದೇ ಪ್ರಶ್ನೆ ಕೇಳಿ, ‘ಕಾಫಿ’, ‘ಟೀ’ ಬರೆದು ತೋರಿಸಿ, ಉತ್ತರಕ್ಕೆ ಕಾಯಿರಿ. ಇಂಥದೇ ತೊಂದರೆಯಿರುವ ಒಂದೆರಡು ಮನೆಯವರನ್ನು ವಾರಕ್ಕೊಮ್ಮೆ ಕಾಫಿಗೆ ಕರೆಯಿರಿ. ನಿಮ್ಮ ಮನೆಯಲ್ಲೇ ಒಂದು ಗುಂಪು ಹುಟ್ಟೀತು!