ತಾಳ ತಪ್ಪಿದ್ದು ಯಾರು?

‘ನಿನಗೆ ಲಯವೇ ಇಲ್ಲ ಕಣೋ...’ ಏಳನೇ ಕ್ಲಾಸಿನಲ್ಲಿ ತಬಲಾ ಮೇಷ್ಟ್ರು ಹೇಳಿದ ಈ ಮಾತು ಕಿವಿಯಲ್ಲೇ ಉಳಿದುಬಿಟ್ಟಿತ್ತು. ಆದರೂ ಡಿಗ್ರಿಗೆ ಬಂದ ಮೇಲೆ, ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಮಿಡಿ ಕೀಬೋರ್ಡ್ ಕೊಂಡೆ. ಅಕ್ಕನ ಮದುವೆ ವಿಡಿಯೊಗೆ ನಾನೇ ಟ್ಯೂನ್ ಮಾಡುತ್ತೇನೆಂದು ಮನೆಯಲ್ಲೆಲ್ಲ ಡಂಗುರ ಹೊಡೆದೂ ಆಗಿತ್ತು.

ಮಿಡಿ ಕೀಬೋರ್ಡ್ ತಾನಾಗಿ ಸದ್ದು ಮಾಡುವುದಿಲ್ಲ. ಯಾವ ಕೀಯನ್ನು ಎಷ್ಟು ಜೋರಾಗಿ ಒತ್ತಿದೆವು ಎಂಬ ಸುದ್ದಿಯನ್ನಷ್ಟೇ ಕಳಿಸುತ್ತದೆ. ಸ್ವರ ಹುಟ್ಟಿಸುವುದು ಲ್ಯಾಪ್‌ಟಾಪ್. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಜಬರ್ದಸ್ತಾಗಿ ಕೂತೆ. ಕೀ ಒತ್ತಿದರೆ ಸ್ವರ ಆಮೇಲೆ ಬರುತ್ತದೆ! ರೆಕಾರ್ಡ್ ಮಾಡಿ ಕೇಳಿದರೆ ಇಡೀ ಟ್ಯೂನ್ ತಾಳದ ಹಿಂದೆ ಕುಂಟುತ್ತಿದೆ. ಮೂರು ರಾತ್ರಿ ಇದೇ ಪಾಡು. ಮೇಷ್ಟ್ರು ಹೇಳಿದ್ದೇ ಸರಿ ಅನ್ನಿಸಿ, ಕೀಬೋರ್ಡ್ ಮಾರಲು ಫೋಟೊ ಕೂಡ ತೆಗೆದಿಟ್ಟೆ.

ತಡೆದವಳು ಅಕ್ಕ. ಬ್ಯಾಂಕಿನಲ್ಲಿ ಕೆಲಸ, ಸಂಗೀತದ ಗಂಧಗಾಳಿ ಇಲ್ಲ. ಪರದೆಯ ಮೇಲಿನ ಸ್ವರದ ಗೆರೆಗಳನ್ನು ನೋಡಿ, ‘ಅಲ್ವೋ, ಲಯ ಇಲ್ಲದವನು ನುಡಿಸಿದರೆ ಒಂದು ಮುಂದೆ, ಒಂದು ಹಿಂದೆ ಬೀಳಬೇಕು. ಇಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ ಹಿಂದಿವೆ. ತಪ್ಪು ನಿನ್ನ ಕೈಯದಲ್ಲ, ಬೇರೆಲ್ಲೋ ಇದೆ’ ಅಂದಳು.

ಹುಡುಕಿದೆ. ಮೊದಲ ಕಳ್ಳ ಬ್ಲೂಟೂತ್. ಅದರಲ್ಲಿ ಸದ್ದು ಕಿವಿ ಮುಟ್ಟಲು 100 ಮಿಲಿಸೆಕೆಂಡಿಗಿಂತಲೂ ಹೆಚ್ಚು ಹೊತ್ತು ಹಿಡಿಯಬಹುದು. ತಡವಾಗಿ ಕೇಳಿದ ಮೆಟ್ರೊನೋಮಿಗೆ ಎಷ್ಟು ಸರಿಯಾಗಿ ನುಡಿಸಿದರೂ ಸ್ವರ ದಾಖಲಾಗುವುದು ತಡವಾಗಿಯೇ! ವೈರ್ ಇರುವ ಇಯರ್‌ಫೋನ್ ಹಾಕಿದೆ. ಗೆರೆಗಳು ಸಾಲಿಗೆ ಬಂದವು.

ಆದರೂ ಒತ್ತಿದ ಕೀಗೂ ಕೇಳುವ ಸ್ವರಕ್ಕೂ ಕೊಂಚ ಅಂತರ ಉಳಿದಿತ್ತು. ಎರಡನೇ ಕಳ್ಳ ಬಫರ್. ನಲ್ಲಿ ಕೆಳಗಿಟ್ಟ ಬಿಂದಿಗೆ ಅಂದುಕೊಳ್ಳಿ. ತುಂಬಿದ ಮೇಲೆಯೇ ಕಂಪ್ಯೂಟರ್ ಸದ್ದನ್ನು ಹೊರಗೆ ಸುರಿಯುತ್ತದೆ. ನನ್ನದು 1024 ಸ್ಯಾಂಪಲ್‌ಗಳ ಬಿಂದಿಗೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು ತುಂಬಲಿಕ್ಕೇ ಸುಮಾರು 23 ಮಿಲಿಸೆಕೆಂಡ್ ಬೇಕು. 128ಕ್ಕೆ ಇಳಿಸಿದೆ, 3 ಮಿಲಿಸೆಕೆಂಡ್ ಆಯಿತು. ಆದರೆ ಚಿಕ್ಕ ಬಿಂದಿಗೆ ಹಿಡಿದು ಓಡಿ ಓಡಿ ಸುಸ್ತಾದ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನತೊಡಗಿತು. ಕೊನೆಗೆ 256ಕ್ಕೆ ಇಬ್ಬರೂ ರಾಜಿಯಾದೆವು. ವಿಂಡೋಸ್‌ನ ಮಾಮೂಲಿ ಡ್ರೈವರ್ ಬದಲು, ಸದ್ದಿಗೆ ಹತ್ತಿರದ ದಾರಿ ಮಾಡಿಕೊಡುವ ಆಸಿಯೊ ಡ್ರೈವರ್ ಹಾಕಿದೆ. ಭಾರದ ಎಫೆಕ್ಟ್‌ಗಳನ್ನು ರೆಕಾರ್ಡಿಂಗ್ ಮುಗಿಯುವವರೆಗೆ ಆಫ್ ಮಾಡಿದೆ. ಒತ್ತಿದ ಕೂಡಲೇ ಸ್ವರ! ಮಿಕ್ಸಿಂಗ್ ಮಾಡುವಾಗ ಬಫರ್ ಮತ್ತೆ ಏರಿಸಿಕೊಂಡರಾಯಿತು.

ಈಗ ಅಲ್ಲೊಂದು ಇಲ್ಲೊಂದು ಸ್ವರ ಮಾತ್ರ ಹಿಂದೆಮುಂದೆ ಇದ್ದವು. ಅವು ನನ್ನವೇ, ಒಪ್ಪಿಕೊಂಡೆ. ಯಂತ್ರದ ತಪ್ಪನ್ನೂ ನನ್ನ ತಲೆಗೆ ಕಟ್ಟಿಕೊಂಡಿದ್ದಾಗ ಬೆಟ್ಟದಂತೆ ಕಂಡದ್ದು, ಬೇರ್ಪಡಿಸಿ ನೋಡಿದರೆ ನಾಲ್ಕು ದಿನದ ಅಭ್ಯಾಸಕ್ಕೆ ಬಗ್ಗುವಷ್ಟೇ ಇತ್ತು.

ಮದುವೆ ಮನೆಯಲ್ಲಿ ವಿಡಿಯೊ ಹಾಕಿದಾಗ ತಬಲಾ ಮೇಷ್ಟ್ರೂ ಇದ್ದರು. ಏನೂ ಹೇಳಲಿಲ್ಲ. ಕುರ್ಚಿಯ ಕೈ ಮೇಲೆ ಅವರ ಬೆರಳು ಮಾತ್ರ ನನ್ನ ಟ್ಯೂನಿಗೆ ತಾಳ ಹಾಕುತ್ತಿತ್ತು.