ಗಾಬ್ಲಿನ್ ರೇಂಜರ್: ಬಾಣ ಬಿಡು, ಮತ್ತೆ ಅಡಗು
ನಮ್ಮ ಕೊಡಗಿನ ಕಾಫಿ ತೋಟದಲ್ಲಿ ಮುಸ್ಸಂಜೆಗೆ ಹತ್ತು ಹೆಜ್ಜೆ ದೂರ ಆನೆ ನಿಂತಿದ್ರೂ ಕಾಣಲ್ಲ. ಅಷ್ಟು ದೊಡ್ಡ ಪ್ರಾಣಿಗೂ ಗಿಡದ ಮರೆ ಸಾಕು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲೂ ಲೆಕ್ಕ ಅದೇ: ಗಾಬ್ಲಿನ್ ಕುಳ್ಳ ಅಂದಮಾತ್ರಕ್ಕೆ ಅಡಗೋಕಾಗಲ್ಲ, ಮರೆ ಬೇಕು.

ಬಾಣ ಬಿಟ್ಟ ಕೂಡಲೇ ನೀವಿರೋ ಜಾಗ ಗೊತ್ತಾಗಿಬಿಡುತ್ತೆ. 2014ರ ನಿಯಮದಲ್ಲಿ ಗಾಬ್ಲಿನ್‌ಗಿರುವ 'ನಿಂಬಲ್ ಎಸ್ಕೇಪ್' ಬಳಸಿ, ಅದೇ ಸರದಿಯಲ್ಲಿ ಬೋನಸ್ ಆಕ್ಷನ್ ಖರ್ಚು ಮಾಡಿ ಮತ್ತೆ ಅಡಗಬಹುದು. ಇಡೀ ಪಾತ್ರದ ಬಂಡವಾಳ ಇದೇ (ಬಿ.ಕಾಂ. ಓದಿದ್ರೆ ಬಾಯಿಗೆ ಬರೋದು ಇಂಥ ಪದಗಳೇ).

ಡೆಕ್ಸ್‌ಟೆರಿಟಿ ಮೊದಲು, ವಿಸ್‌ಡಮ್ ಆಮೇಲೆ. ಲಾಂಗ್‌ಬೋ ಆಸೆ ಬಿಡಿ. ಅದು 'ಹೆವಿ' ಆಯುಧ. 2014ರ ನಿಯಮದಲ್ಲಿ ಸಣ್ಣ ಗಾತ್ರದವರು ಎರಡು ಸಲ ದಾಳ ಉರುಳಿಸಿ ಕಡಿಮೆ ಸಂಖ್ಯೆಯನ್ನೇ ತಗೋಬೇಕು. ನಾನು ಮೊದಲ ಸಲ ಎಡವಿದ್ದೇ ಇಲ್ಲಿ. ಶಾರ್ಟ್‌ಬೋ ಸಾಕು.

ಮೂರನೇ ಲೆವೆಲ್‌ಗೆ 'ಗ್ಲೂಮ್ ಸ್ಟಾಕರ್' ತಗೊಳ್ಳಿ. ಕತ್ತಲಲ್ಲಿ ಡಾರ್ಕ್‌ವಿಷನ್ ನಂಬಿಕೊಂಡ ಶತ್ರುವಿಗೆ ನೀವು ಕಾಣೋದೇ ಇಲ್ಲ. ಆದ್ರೆ ನಿಮ್ಮ ಜೊತೆಗಿರೋ ಮನುಷ್ಯ ಪಾತ್ರಕ್ಕೆ ಆ ಕಣ್ಣಿಲ್ಲ, ಅವನು ಪಂಜು ಹಚ್ಚೇ ಹಚ್ತಾನೆ. ಅವನಿಂದ ದೂರ ನಿಲ್ಲಿ.